"ನಾಲ್ಕು ಜನ ಏನಂತಾರೆ" ಅನ್ನೋ ಭಯಕ್ಕೆ ಎಷ್ಟು ವರ್ಷ ಬಡ್ಡಿ ಕಟ್ಟಬೇಕು?

ಮದುವೆ ಖರ್ಚಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಕ್ಷ. "ಎಲ್ಲರೂ ಮಾಡೋ ಹಾಗೆ ಮಾಡಬೇಕಪ್ಪ" ಅನ್ನುವವರು ಒಂದು ಕಡೆ. "ಯಾರು ಏನಾದ್ರೂ ಅಂದುಕೊಳ್ಳಲಿ, ನಮ್ಮಿಷ್ಟ" ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮೇಲೆ ಪ್ರೀತಿ ಜಾಸ್ತಿ. ಆದರೂ ಮೊದಲನೆಯವರನ್ನು ಹಳೇ ಕಾಲದವರು ಅಂತ ಸುಮ್ನೆ ತಳ್ಳಿಹಾಕಲು ಮನಸ್ಸು ಬರುವುದಿಲ್ಲ.

ಮುಯ್ಯಿಯನ್ನೇ ನೋಡಿ. ಹಳೇ ಮೈಸೂರು ಕಡೆ ಮದುವೆಗೆ ಹೋದರೆ ಮಂಟಪದ ಪಕ್ಕ ಒಬ್ಬರು ಉದ್ದನೆಯ ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಹೆಸರು, ಊರು, ಎಷ್ಟು ರೂಪಾಯಿ ಅಂತ ಬರೆದುಕೊಳ್ಳುತ್ತಾರೆ. ಮನೆಯವರು ಆ ಪುಸ್ತಕವನ್ನು ಬೀರುವಿನಲ್ಲಿ ಜೋಪಾನವಾಗಿ ಇಡುತ್ತಾರೆ. ಮುಯ್ಯಿ ಮಾಡಿದವರ ಮನೆಯಲ್ಲಿ ಮದುವೆ ಬಂದಾಗ ಪುಟ ತೆಗೆದು ನೋಡಿ, ಅದಕ್ಕೆ ಸ್ವಲ್ಪ ಸೇರಿಸಿಯೇ ಹಿಂದಿರುಗಿಸುತ್ತಾರೆ. ಬ್ಯಾಂಕಿನವರು ಬಾಗಿಲಿಗೂ ಸೇರಿಸದ ಕಾಲದಲ್ಲಿ ಎಷ್ಟೋ ಬಡವರ ಮನೆ ಮದುವೆ ನಡೆದದ್ದು ಹೀಗೆ. ಬಡ್ಡಿ ಇಲ್ಲ, ಕಾಗದಪತ್ರ ಇಲ್ಲ. ಎಲ್ಲರೂ ಪದ್ಧತಿ ತಪ್ಪದೆ ನಡೆಸುತ್ತಾರೆ ಅನ್ನೋ ನಂಬಿಕೆಯೇ ಜಾಮೀನು. ಸಾವಿನ ಮನೆಯಲ್ಲೂ ಅಷ್ಟೆ. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಅನ್ನ, ಸಾರು ತರುತ್ತಾರೆ. ಯಾರೂ ಹೇಳಿ ಕಳಿಸಬೇಕಿಲ್ಲ.

ಆದರೆ ಈಗ ಮದುವೆಗೆ ಸೇರಿಕೊಂಡಿರುವುದು ಬೇರೆಯೇ. ಅರಿಶಿಣ ಶಾಸ್ತ್ರದ ಜೊತೆ ಮೆಹೆಂದಿ, ಸಂಗೀತ್, ಪ್ರೀ ವೆಡ್ಡಿಂಗ್ ಶೂಟ್, ದೊಡ್ಡ ಕನ್ವೆನ್ಷನ್ ಹಾಲ್. ನಮ್ಮ ಅಜ್ಜಿಯರಿಗೆ ಇದರಲ್ಲಿ ಅರ್ಧ ಗೊತ್ತೇ ಇರಲಿಲ್ಲ. ಆದರೂ "ಎಲ್ಲರೂ ಮಾಡ್ತಾರೆ" ಅಂತ ಹುಡುಗಿಯ ಅಪ್ಪ ಒಡವೆ ಅಡವಿಡುತ್ತಾನೆ, ಕೈಸಾಲ ಮಾಡುತ್ತಾನೆ. ಉಂಡು ಹೋದವರಿಗೆ ವಾರ ಕಳೆಯುವಷ್ಟರಲ್ಲಿ ಎಲೆಗೆ ಏನು ಬಡಿಸಿದ್ದರು ಅನ್ನೋದೂ ನೆನಪಿರಲ್ಲ. ಅವನು ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾನೆ. ಇದನ್ನು ನೋಡಿದಾಗ ನಿಜಕ್ಕೂ ಸಿಟ್ಟು ಬರುತ್ತದೆ.

"ಧೈರ್ಯ ಇದ್ದರೆ ಬೇಡ ಅನ್ನಲಿ" ಅಂತ ಹೇಳುವುದು ಸುಲಭ. 1950ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಒಂದು ಪ್ರಯೋಗ ಮಾಡಿದರು. ಮೂರು ಗೆರೆಗಳಲ್ಲಿ ಯಾವುದು ಮೊದಲು ತೋರಿಸಿದ ಗೆರೆಯಷ್ಟೇ ಉದ್ದ ಅಂತ ಹೇಳಬೇಕು, ಅಷ್ಟೇ. ಪ್ರತಿ ಗುಂಪಿನಲ್ಲೂ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತಿದ್ದವರು ಒಬ್ಬರೇ. ಕೋಣೆಯಲ್ಲಿದ್ದ ಉಳಿದವರಿಗೆಲ್ಲ ತಪ್ಪು ಹೇಳುವಂತೆ ಮೊದಲೇ ಹೇಳಿಕೊಟ್ಟಿದ್ದರು. ಉತ್ತರ ಕಣ್ಣೆದುರೇ ಇದ್ದರೂ, ಪ್ರಯೋಗಕ್ಕೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ಜೊತೆ ಸೇರಿ ತಪ್ಪು ಹೇಳಿದರು. ಆದರೆ ಗುಂಪಿನಲ್ಲಿ ಒಬ್ಬರೇ ಒಬ್ಬರು ಸರಿಯಾಗಿ ಹೇಳಿದಾಗ, ಆ ತಪ್ಪುಗಳು ಕಾಲು ಭಾಗಕ್ಕೆ ಇಳಿದವು.

ಆ ಒಬ್ಬರು ಬೇಕು ನೋಡಿ. ಕುವೆಂಪು ಅವರು ಮಂತ್ರಮಾಂಗಲ್ಯ ಅನ್ನೋ ಸರಳ ಮದುವೆಯ ದಾರಿ ತೋರಿಸಿದರು. ಬರೆದು ಕೈತೊಳೆದುಕೊಳ್ಳಲಿಲ್ಲ. 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನೂ ಹಾಗೆಯೇ ಮಾಡಿಸಿದರು. ಇವತ್ತಿಗೂ ಎಷ್ಟೋ ಜೋಡಿಗಳು ಮನೆಯವರನ್ನು ಒಪ್ಪಿಸುವಾಗ "ಕುವೆಂಪು ಮನೆಯಲ್ಲೇ ಆಗಿದೆಯಲ್ಲ" ಅಂತ ಧೈರ್ಯವಾಗಿ ಹೇಳಬಹುದು.

ನಮಗೆ ಬೇಕಾದವರ ಮಗಳೊಬ್ಬಳು ಈಗ ರಿಜಿಸ್ಟರ್ ಮದುವೆಗೆ ಅರ್ಜಿ ಹಾಕಿದ್ದಾಳೆ. ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಸಹಿ ಹಾಕಬೇಕು. ಅವಳ ಅಪ್ಪನಿಗೆ ನೆಂಟರು ಬರ್ತಾರೋ ಇಲ್ಲವೋ ಅನ್ನೋದೇ ಚಿಂತೆ. ಸಹಿಗೆ ನಾನಿದ್ದೇನೆ ಅಂದಿದ್ದೇನೆ. ನಿಮ್ಮ ಬಳಗದಲ್ಲೂ ಯಾರಾದರೂ ಹೀಗೆ ಮದುವೆ ಇಟ್ಟುಕೊಂಡಿದ್ದರೆ, ಬರೀ ಫೋನಿನಲ್ಲಿ ಕರೆದರೂ ಮುನಿಸಿಕೊಳ್ಳದೆ ಹೋಗಿ. ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ.