ನಮ್ಮಂಥ ಮೈಗೂ ಒಬ್ಬ ವಸ್ತಾದ ಬೇಕು

2023ರ ಮಾರ್ಚ್‌ನಲ್ಲಿ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಉದ್ಘಾಟನೆ ಆಯ್ತಲ್ಲ, 1507 ಮೀಟರಿನದು, ಜಗತ್ತಿನಲ್ಲೇ ಉದ್ದದ್ದು. ಅದಾಗಿ ಎರಡು ವಾರಕ್ಕೆ ನಾನೊಂದು ಪೆದ್ದ ಕೆಲಸ ಮಾಡಿದೆ. ಗೆಳೆಯರ ಜೊತೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆಸಿ ಈ ತುದಿಯಿಂದ ಆ ತುದಿಗೆ ನಡೆದೆ. ಅಷ್ಟಕ್ಕೆ ಸುಮ್ಮನಾಗದೆ ವಾಪಸ್ಸೂ ನಡೆದೆ. ಎಡಗಾಲಿಗೆ ಕ್ಯಾಲಿಪರ್ ಎಂಬ ಆಸರೆ ಚೌಕಟ್ಟು, ಕೈಯಲ್ಲಿ ಕೋಲು. ಒಟ್ಟು ಮೂರು ಕಿಲೋಮೀಟರ್. ಗೆಳೆಯರು ಫೋಟೊ ತೆಗೆದು ಸೋಶಿಯಲ್ ಮೀಡಿಯಾದಲ್ಲಿ ಹಾಕಿದರು. 'ಸಲಾಂ ಸರ್', 'ಛಲ ಅಂದ್ರೆ ಇದು' ಅಂತ ಕಮೆಂಟುಗಳು ಬಂದವು. ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ.

ಮರುದಿನದಿಂದ ನಾಲ್ಕು ದಿನ ಹಾಸಿಗೆ. ಪೋಲಿಯೊ ಆದ ಎಡಗಾಲಿನಿಂದ ನಾನು ಹೆಚ್ಚೇನೂ ನಿರೀಕ್ಷೆ ಇಟ್ಟುಕೊಂಡವನಲ್ಲ. ಕೈಕೊಟ್ಟಿದ್ದು 'ಒಳ್ಳೆ' ಬಲಗಾಲು. ಬಚ್ಚಲಿಗೆ ಹೋಗಲು ಮಗನ ಹೆಗಲು ಹಿಡಿಯಬೇಕಾಯ್ತು. ಅದರ ಫೋಟೊ ಯಾರೂ ಹಾಕಲಿಲ್ಲ.

ನನಗೆ ಪೋಲಿಯೊ ಆದಾಗ ಒಂದೂವರೆ ವರ್ಷ. ಅಲ್ಲಿಂದ ಇಲ್ಲಿಯವರೆಗೆ ನನ್ನ ಮೈಯ ಬಗ್ಗೆ ಎರಡೇ ಎರಡು ಸಲಹೆ ಕೇಳಿದ್ದೇನೆ. ಒಂದು ಅಜ್ಜಿಯದು: "ಯಾಕ ಸುಮ್ನ ತ್ರಾಸ ತಗೋತಿ ಕೂಸ, ಕುಂತಲ್ಲೇ ಕುಂದರು." ಸಾಲೆಯಲ್ಲೂ ಅದೇ. ಪಿ.ಟಿ. ಪಿರಿಯಡ್ಡಿನಲ್ಲಿ ಎಲ್ಲರ ಚಪ್ಪಲಿ ಕಾಯುವ ಕೆಲಸ ನನ್ನದು. ಇನ್ನೊಂದು ಸಲಹೆ ದೊಡ್ಡವನಾದ ಮೇಲೆ ಬಂತು: "ಮನಸ್ಸು ಮಾಡಿದ್ರ ಏನಾಗೂದಿಲ್ರಿ?" ಇದರ ಜೊತೆ ಹಾಸನದ ಕಡೆಯ ಗಿರೀಶ್ ಅವರ ಫೋಟೊ ಬರುತ್ತದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ಗೆದ್ದವರು. ಅವರ ಬಗ್ಗೆ ನನಗೂ ಹೆಮ್ಮೆ. ಆದರೆ ಅಷ್ಟು ಎತ್ತರಕ್ಕೆ ಹೋಗುವವರಿಗೆ ಕೋಚ್ ಇರುತ್ತಾರೆ. ಯಾವತ್ತು ಜಿಗಿಯಬೇಕು, ಯಾವತ್ತು ಕೂರಬೇಕು ಎಂದು ಲೆಕ್ಕ ಇಡುವವರು. ವಾಟ್ಸಾಪ್ ಫಾರ್ವರ್ಡಿನಲ್ಲಿ ಜಿಗಿತ ಮಾತ್ರ ಬರುತ್ತದೆ.

ನಾಲ್ಕನೇ ದಿನ ಹೆಂಡತಿ ಬೈದು ಧಾರವಾಡದ ಒಬ್ಬ ಫಿಸಿಯೊಥೆರಪಿಸ್ಟ್ ಹತ್ತಿರ ಕಳಿಸಿದಳು. ಸಣ್ಣ ವಯಸ್ಸಿನ ಹೆಣ್ಣುಮಗಳು. ಕಾಲು ಮುಟ್ಟುವ ಮೊದಲೇ ಒಂದು ಪ್ರಶ್ನೆ ಕೇಳಿದಳು: "ಸರ್, ಎಷ್ಟು ನಿಮಿಷ ನಡದ್ರ ಮರುದಿನ ಮುಂಜಾನೆ ಆರಾಮ ಇರ್ತೀರಿ?"

ನಲವತ್ತೊಂಬತ್ತು ವರ್ಷದಲ್ಲಿ ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಉತ್ತರ ಗೊತ್ತಿರಲಿಲ್ಲ.

ಆಕೆ ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿ ಸ್ನಾಯು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಉಳಿದವು ಹೊಸ ಕವಲು ಒಡೆದು, ದಿಕ್ಕಿಲ್ಲದ ಸ್ನಾಯುಗಳನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತವೆ. ಮನೆಯಲ್ಲಿ ದುಡಿಯುವ ನಾಲ್ವರು ಹೋಗಿ, ಉಳಿದ ಒಬ್ಬನೇ ಐದು ಸಂಸಾರ ಸಾಕಿದ ಹಾಗೆ. ಮೂವತ್ತು ನಲವತ್ತು ವರ್ಷ ಅವನು ಸಾಕುತ್ತಾನೆ. ಆಮೇಲೆ ಸೋಲತೊಡಗುತ್ತಾನೆ. ಚೆನ್ನಾಗಿದೆ ಅಂದುಕೊಂಡ ಕಾಲಿನಲ್ಲೂ ಹೊಸದಾಗಿ ಬಲ ಕಡಿಮೆಯಾಗುತ್ತದೆ, ವಿಪರೀತ ದಣಿವು ಬರುತ್ತದೆ. ಇದಕ್ಕೆ ಪೋಸ್ಟ್ ಪೋಲಿಯೊ ಸಿಂಡ್ರೋಮ್ ಅಂತಾರೆ. ಅದು ಬಂದಾಗ 'ಇನ್ನೂ ಜಾಸ್ತಿ ಮಾಡು' ಅಂದರೆ ಉಳಿದವನ ಬೆನ್ನೂ ಮುರಿಯುತ್ತದೆ. 'ಏನೂ ಮಾಡಬೇಡ' ಅಂದರೆ ಬೊಜ್ಜು, ಶುಗರು, ಬಿಪಿ ಸಾಲಾಗಿ ಬರುತ್ತವೆ. ದೇಶಕ್ಕೆ 2014ರಲ್ಲಿ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಸಿಕ್ಕಿತು, ಬಹಳ ದೊಡ್ಡ ಕೆಲಸ. ಆದರೆ ಪೋಲಿಯೊ ಆಗಿ ಈಗ ಐವತ್ತು ಅರವತ್ತಕ್ಕೆ ಬಂದ ನಾವು ಇನ್ನೂ ಇದ್ದೇವೆ, ಇಲ್ಲೇ ಬಸ್ ಕಾಯುತ್ತ ನಿಂತಿದ್ದೇವೆ.

ಮೂರು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಷ್ಟು ನಡೆದೆ, ಮರುದಿನ ಹೇಗಿತ್ತು. ನನ್ನ ಅಂಕಿ ಸಿಕ್ಕಿತು: ಹನ್ನೊಂದು ನಿಮಿಷ. ಅದಕ್ಕೂ ಕಡಿಮೆಗೆ ಇಳಿಸಿ ಎಂಟು ನಿಮಿಷ ನಡಿಗೆ, ಕೂತು ಸುಧಾರಿಸಿಕೊಳ್ಳುವುದು, ಮತ್ತೆ ಎಂಟು. ದಿನ ಬಿಟ್ಟು ದಿನ. ನಡುವಿನ ದಿನ ಕುರ್ಚಿಯ ಮೇಲೆ ಕೂತು ಕೈ ಮತ್ತು ಹೊಟ್ಟೆಯ ವ್ಯಾಯಾಮ. ಮರುದಿನವೂ ನೋವು ಉಳಿದಿದ್ದರೆ ಹಿಂದಿನ ದಿನ ಜಾಸ್ತಿ ಆಯ್ತು ಅಂತ ಲೆಕ್ಕ. ಈಗ ಉಣಕಲ್ ಕೆರೆಯ ಹತ್ತಿರ ಎಂಟು ನಿಮಿಷಕ್ಕೆ ಮೊಬೈಲ್ ಅಲಾರಾಂ ಹೊಡೆದ ಕೂಡಲೇ ಬೆಂಚು ಹುಡುಕುವ ಮನುಷ್ಯನನ್ನು ಕಂಡರೆ, ಅದು ನಾನೇ. ಮಾತಾಡಿಸಿ.

ಇದು ಹೊಸ ವಿದ್ಯೆಯೇನಲ್ಲ, ನಮ್ಮ ಕಡೆಯವರಿಗೆ ಅರ್ಥವಾಗದ್ದೂ ಅಲ್ಲ. ನಮ್ಮ ಓಣಿಯಲ್ಲಿ ಗರಡಿ ಮನೆ ಇತ್ತು. ಅಣ್ಣ ಹೋಗುತ್ತಿದ್ದ, ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಅಲ್ಲಿ ಕಸರತ್ತು ಕಲಿಸುವ ಗುರು, ನಮ್ಮ ವಸ್ತಾದರು, ಎಲ್ಲ ಹುಡುಗರಿಗೂ ಒಂದೇ ಲೆಕ್ಕದ ಬೈಠಕ್ ಹಾಕಿಸುತ್ತಿರಲಿಲ್ಲ. ಒಬ್ಬನಿಗೆ ನೂರು, ಜ್ವರದಿಂದ ಎದ್ದವನಿಗೆ ಹತ್ತು, ದಪ್ಪಗಿದ್ದವನಿಗೆ ಬೇರೆ, ಒಣಕಲನಿಗೆ ಬೇರೆ. ಮೈ ನೋಡಿ ಲೆಕ್ಕ ಕೊಡುತ್ತಿದ್ದರು, ವಾರಕ್ಕೊಮ್ಮೆ ಬದಲಿಸುತ್ತಿದ್ದರು. ಒಂದು ದಿನ ನನ್ನನ್ನೂ ಕರೆದರು. "ಏ ತಮ್ಮಾ, ಬಾ ಇಲ್ಲೆ" ಅಂದು ಗೋಡೆಗೆ ಬೆನ್ನು ಕೊಟ್ಟು ಕೂಡಿಸಿ, ಕೈಗೊಂದು ಸಣ್ಣ ಮರದ ಗದೆ ಕೊಟ್ಟರು. "ಇಪ್ಪತ್ತು ತಿರುಗಿಸು. ಇಪ್ಪತ್ತೊಂದು ಮಾಡಿದ್ರ ಬೈತೀನಿ." ಅಪ್ಪನಿಗೆ ವರ್ಗವಾಗಿ ನಾವು ಊರು ಬಿಟ್ಟೆವು. ಆ ಲೆಕ್ಕ ಅಲ್ಲಿಗೇ ನಿಂತಿತು.

ಅಕ್ಕನ ಮಗ ಮೆಲ್ಬೋರ್ನ್‌ನಲ್ಲಿದ್ದಾನೆ. ಅಲ್ಲಿ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಅಂತಲೇ ಒಂದು ಕಸುಬಿದೆ. ಯೂನಿವರ್ಸಿಟಿಯಲ್ಲಿ ಓದಿ ಮಾನ್ಯತೆ ಪಡೆದವರು. ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು, ಸೆರೆಬ್ರಲ್ ಪಾಲ್ಸಿ, ಶುಗರು ಇರುವವರ ಹೃದಯ, ದಮ್ಮು, ಸ್ನಾಯುಬಲ ಅಳೆದು, ಔಷಧಿಯ ಡೋಸ್ ಬರೆದ ಹಾಗೆ ವ್ಯಾಯಾಮ ಬರೆದುಕೊಡುತ್ತಾರೆ. ಆ ದೇಶದ ಅಂಗವಿಕಲರ ವಿಮಾ ಯೋಜನೆ ಇದರ ಖರ್ಚನ್ನೂ ಕೊಡುವುದುಂಟು. ಕೇಳಿದಾಗ ನನಗೆ ಮೊದಲು ನೆನಪಾದದ್ದು ವಸ್ತಾದರೇ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2020ರ ಮಾರ್ಗಸೂಚಿಯಲ್ಲಿ ಮೊದಲ ಸಲ ಅಂಗವಿಕಲರಿಗೆಂದೇ ಬರೆಯಿತು: ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮ. ಅಷ್ಟು ಆಗದವರು ಆಗುವಷ್ಟರಿಂದ ಶುರು ಮಾಡಿ, ಮೆಲ್ಲಗೆ ಏರಿಸಿ, ಸ್ವಲ್ಪವಾದರೂ ಲಾಭವೇ ಅಂತ ಅದರಲ್ಲೇ ಇದೆ. ಈ ಎರಡನೇ ಮಾತು ನನ್ನಂಥವರಿಗೆ.

ಗದಗ ಪಕ್ಕದ ಬೆಟಗೇರಿಯ ಗೆಳೆಯನ ಕಥೆ ಹೇಳದಿದ್ದರೆ ಈ ಬರಹ ಬರೀ ನನ್ನ ಕಾಲಿನ ಪುರಾಣ ಆಗುತ್ತದೆ. ಹುಣಸೆ ಮರದಿಂದ ಬಿದ್ದು ಅವನ ಎದೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಯಿತು. ಅಲ್ಲಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಮನೆ ಮುಂದೆ ಸಣ್ಣ ಅಂಗಡಿ. ವೀಲ್‌ಚೇರ್ ಸಿಕ್ಕಿತು, ಅಂಗವಿಕಲರ ಕಾರ್ಡ್ ಸಿಕ್ಕಿತು, ತಿಂಗಳ ಪಿಂಚಣಿ ಬರುತ್ತದೆ. ಭುಜ ಉಳಿಸಿಕೊಳ್ಳುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಹೊರಸಿನಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನವಿಡೀ ಚಕ್ರ ತಳ್ಳುವುದು, ಎಲ್ಲ ಭುಜದ್ದೇ ಕೆಲಸ. ಐದು ವರ್ಷಕ್ಕೆ ಎರಡೂ ಭುಜ ನೋವು. ಅವನಿಗೆ ಭುಜ ಹೋದರೆ ನಮಗೆ ಎರಡೂ ಕಾಲು ಹೋದ ಹಾಗೆ.

ತಳ್ಳಿ ತಳ್ಳಿ ಮುಂದಿನ ಸ್ನಾಯುಗಳು ಬಿಗಿಯಾಗುತ್ತವೆ, ಹಿಂದಿನವು ಸೊರಗುತ್ತವೆ. ಆದ್ದರಿಂದ ಅವನಿಗೆ ಬೇಕಾದದ್ದು ಎಳೆಯುವ ವ್ಯಾಯಾಮ. ಅದೇ ಫಿಸಿಯೊಥೆರಪಿಸ್ಟ್ ವಿಡಿಯೊ ಕಾಲಿನಲ್ಲಿ ನೋಡಿ ಹೇಳಿಕೊಟ್ಟಳು. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬು ತಂದು ಕಿಟಕಿ ಸರಳಿಗೆ ಕಟ್ಟಿದೆವು. ಮೈ ಮುಂದಕ್ಕೆ ಜೋಲದಂತೆ ಎದೆಗೆ ಮೆತ್ತನೆ ಪಟ್ಟಿ. ಎರಡೂ ಕೈಯಿಂದ ಹಿಂದಕ್ಕೆ ಎಳೆಯುವುದು, ಮೊಳಕೈ ಪಕ್ಕೆಗೆ ತಾಗಬೇಕು. ಹತ್ತತ್ತು ಸಲ, ಮೂರು ಸುತ್ತು, ವಾರಕ್ಕೆ ಎರಡು ದಿನ. ಖರ್ಚು ಇಪ್ಪತ್ತು ರೂಪಾಯಿ.

ಆದರೆ ಅವನ ಮೈಗೆ ಬೇರೆ ಕಾಯಿದೆಗಳಿವೆ. ಗೊತ್ತಿಲ್ಲದವರು ವ್ಯಾಯಾಮ ಮಾಡಿಸಿದರೆ ಅಪಾಯ. ಶುರು ಮಾಡುವ ಮೊದಲು ಮೂತ್ರದ ಚೀಲ ಖಾಲಿ ಇರಬೇಕು. ಪೆಟ್ಟು ಎದೆಯ ನಡುಭಾಗ ಅಥವಾ ಅದಕ್ಕಿಂತ ಮೇಲಿದ್ದವರಿಗೆ ಮೂತ್ರ ತುಂಬಿದರೆ, ಮೂತ್ರ ಹೋಗುವ ನಳಿಕೆ ಮಡಚಿದರೆ, ಬಟ್ಟೆ ಬಿಗಿದರೆ ಸಾಕು, ಬಿಪಿ ಒಮ್ಮೆಲೇ ಏರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪಾಗಿ ಬೆವರುತ್ತದೆ. ಆಗ ನೆಟ್ಟಗೆ ಕೂಡಿಸಿ, ನಳಿಕೆ ನೋಡಿ, ಬಟ್ಟೆ ಸಡಿಲಿಸಬೇಕು. ಕಾರಣ ಸಿಗದಿದ್ದರೆ ತಕ್ಷಣ ಆಸ್ಪತ್ರೆ. ಇವನಿಗೊಮ್ಮೆ ಹೀಗಾದಾಗ ಒಂದು ಕ್ಲಿನಿಕ್ಕಿನಲ್ಲಿ ಮಲಗಿಸಿ ತಲೆನೋವಿನ ಗುಳಿಗೆ ಕೊಟ್ಟಿದ್ದರು! ಮಲಗಿಸಿದರೆ ಬಿಪಿ ಇನ್ನೂ ಏರುತ್ತದೆ. ನಳಿಕೆ ಮಡಚಿದ್ದನ್ನು ಕಂಡುಹಿಡಿದದ್ದು ಅವನ ತಾಯಿ. ಇನ್ನೊಂದು, ಪೆಟ್ಟಿನ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ಮುಂಜಾನೆ ಆರಕ್ಕೇ ಮುಗಿಸಬೇಕು, ಕುತ್ತಿಗೆಗೆ ಒದ್ದೆ ಟವೆಲ್ ಇರಬೇಕು. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಎಷ್ಟು ಶ್ರಮಪಟ್ಟರೂ ನಾಡಿ ಬಡಿತ ಅಷ್ಟಾಗಿ ಏರುವುದಿಲ್ಲ. ಕೈಗಡಿಯಾರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. "ಹತ್ತಕ್ಕ ಎಷ್ಟು ದಣಿವು?" ಅಂತ ಅವರನ್ನೇ ಕೇಳಬೇಕು.

ಇಷ್ಟನ್ನೆಲ್ಲ ಜಿಮ್ಮಿನ ಹುಡುಗ ಹೇಗೆ ತಿಳಿದಿರಬೇಕು ಹೇಳಿ. ನಾನೊಂದು ಜಿಮ್ಮಿಗೆ ಹೋಗಿದ್ದೆ. ಮೊದಲು "ಏನಾದ್ರ ನಾವು ಜವಾಬ್ದಾರ ಅಲ್ಲ" ಅಂತ ಬರೆಸಿಕೊಂಡರು. ಆಮೇಲೆ ಬಲಗಾಲಿಗೆ ಎಲ್ಲರಿಗೂ ಹಾಕುವ ತೂಕವನ್ನೇ ಹಾಕಿದರು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಕಲಿಸಿದವರಿಲ್ಲ. ಪಾರ್ಕುಗಳ ಓಪನ್ ಜಿಮ್ಮಿನ ಮೇಲೆ ಸಿಟ್ಟಿದೆ. ನಾನು ನೋಡಿದಲ್ಲೆಲ್ಲ ಎತ್ತರದ ಕಟ್ಟೆಯ ಮೇಲೆ ಯಂತ್ರ ನೆಟ್ಟಿದ್ದಾರೆ. ಕೂತವರು ಕೈಯಿಂದ ತಿರುಗಿಸುವಂಥ ಒಂದು ಪೆಡಲ್ಲಾದರೂ ಬೇಡವೇ? ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಕಟ್ಟೆ ಮತ್ತು ಬಸ್ಸಿನ ನೆಲ ಸಮ ಮಾಡಲು ಬರುತ್ತದೆ, ಅದರಲ್ಲಿ ನಾನು ಯಾರ ಕೈಯೂ ಹಿಡಿಯದೆ ಹತ್ತುತ್ತೇನೆ. ಪಾರ್ಕಿನಲ್ಲಿ ಯಾಕೆ ಬರುವುದಿಲ್ಲ?

ಹೊಸ ಇಲಾಖೆ, ಹೊಸ ಬಿಲ್ಡಿಂಗ್ ಕೇಳುತ್ತಿಲ್ಲ. ನಮ್ಮಲ್ಲಿ ಫಿಸಿಯೊಥೆರಪಿ ಓದಿದ ಹುಡುಗ ಹುಡುಗಿಯರಿದ್ದಾರೆ. ಆದರೆ ಅವರ ದಿನವೆಲ್ಲ ಆಪರೇಷನ್ ಆದವರು, ಸೊಂಟ ಹಿಡಿದವರಿಗೇ ಹೋಗುತ್ತದೆ. ಇಪ್ಪತ್ತು ವರ್ಷದ ಹಿಂದೆ ಕಾಲು ಹೋದವನು ಬಂದರೆ "ಹಳೇ ಕೇಸು" ಅಂತಾರೆ. ತಾಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನ ಈ ಹಳೇ ಕೇಸುಗಳಿಗೇ ಇಡಲಿ. ಗ್ರಾಮ ಪಂಚಾಯ್ತಿಯಲ್ಲಿ ನಮ್ಮವರೇ ಆದ ವಿಆರ್‌ಡಬ್ಲ್ಯೂಗಳಿದ್ದಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಕಾರ್ಡು, ಪಿಂಚಣಿ ಅರ್ಜಿ ತುಂಬಿಸುವ ಅವರಿಗೆ, ಭುಜ ಉಳಿಸುವುದು, ನೋಟ್‌ಬುಕ್ ಬರೆಸುವುದು, ಯಾವಾಗ ನಿಲ್ಲಿಸಬೇಕೆಂದು ಹೇಳುವುದು ಇಷ್ಟನ್ನು ಕಲಿಸಲಿ. ವ್ಯಾಯಾಮದ ಹಾಳೆ ಕನ್ನಡದಲ್ಲಿರಲಿ. ನನಗೆ ಹಿಂದೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೊಟ್ಟದ್ದು ಇಂಗ್ಲಿಷಿನಲ್ಲಿತ್ತು, ಚಿತ್ರದಲ್ಲಿದ್ದವನಿಗೆ ಎರಡೂ ಕಾಲು ಗಟ್ಟಿಯಾಗಿದ್ದವು.

ಬೆಟಗೇರಿಯಿಂದ ಮೊನ್ನೆ ಫೋನ್ ಬಂತು. "ಅಣ್ಣಾ, ಟ್ಯೂಬು ಹರದೈತಿ." ಇನ್ನೊಂದು ಕಳಿಸುತ್ತೇನೆ ಅಂದೆ. "ಸೈಕಲ್ದು ಬ್ಯಾಡ, ಈಗ ಅದು ಹಗೂರ ಆಗತೈತಿ. ಮೋಟರ್ ಸೈಕಲ್ದು ಇದ್ರ ನೋಡು" ಅಂದ. ಯಾರ ಹತ್ತಿರವಾದರೂ ಹಳೇದು ಇದ್ದರೆ ಹೇಳಿ, ಭಾನುವಾರ ನಾನೇ ಬಂದು ಒಯ್ಯುತ್ತೇನೆ. ಮನೆ ಬಸ್ ಸ್ಟಾಪಿನಿಂದ ಎಂಟು ನಿಮಿಷದೊಳಗಿದ್ದರೆ ಇನ್ನೂ ಒಳ್ಳೆಯದು.