ಎರಡು ಆಟ ಆಡುವ ಮಕ್ಕಳಿಂದ ಒಂದನ್ನು ಕಿತ್ತುಕೊಳ್ಳಬೇಡಿ

ಪದವಿ ಕಾಲೇಜಿಗೆ ಸೇರಿದ ವಿದ್ಯಾರ್ಥಿ ಎರಡು ಆಟಗಳಲ್ಲಿ ಸಮನಾಗಿ ಮುಂದಿದ್ದರೆ, ಮೊದಲ ಸೆಮಿಸ್ಟರ್ ಮುಗಿಯುವುದರೊಳಗೆ ಯಾರಾದರೊಬ್ಬರು ಕರೆದು ಕೂರಿಸಿಕೊಂಡು, "ಯಾವುದಾದರೂ ಒಂದನ್ನು ಹಿಡಿ, ಎರಡು ದೋಣಿಯ ಮೇಲೆ ಕಾಲಿಡಬೇಡ" ಎಂದು ಬುದ್ಧಿ ಹೇಳುವುದು ನಮ್ಮ ತುಮಕೂರಿನ ಕಡೆ ವಾಡಿಕೆಯಾಗಿಬಿಟ್ಟಿದೆ. ಹೇಳುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹದಿನೆಂಟು, ಹತ್ತೊಂಬತ್ತರ ಪ್ರಾಯದವರಿಗೆ ಈ ಸಲಹೆ ಕೊಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಹೇಳುವುದಕ್ಕೆ ಅಮೆರಿಕದ ಒಬ್ಬ ಆಟಗಾರರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ. ಏಕೆಂದರೆ ಒಂದೇ ಆಟ ಸಾಕು ಎನ್ನುವವರು ಯಾವುದಕ್ಕೆ ಹೆದರುತ್ತಾರೋ ಅದೆಲ್ಲವೂ ಅವರ ಬದುಕಿನಲ್ಲಿ ನಡೆದುಹೋಗಿದೆ.

ಬೋ ಜಾಕ್ಸನ್ ಹುಟ್ಟಿದ್ದು 1962ರಲ್ಲಿ, ಅಲಬಾಮ ರಾಜ್ಯದ ಬೆಸೆಮರ್ ಎಂಬ ಊರಿನಲ್ಲಿ. ಹತ್ತು ಮಕ್ಕಳಲ್ಲಿ ಅವರು ಎಂಟನೆಯವರು. ಸಂಸಾರದ ಭಾರವನ್ನೆಲ್ಲ ಹೊತ್ತವರು ತಾಯಿ. 1982ರಲ್ಲಿ, ಹೈಸ್ಕೂಲು ಮುಗಿಯುವ ಹೊತ್ತಿಗೇ, ವೃತ್ತಿಪರ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಆಯ್ಕೆಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಎಂಬ ಹೆಸರಾಂತ ಬೇಸ್‌ಬಾಲ್ ತಂಡ ಅವರನ್ನು ಆರಿಸಿಕೊಂಡಿತು. ಆ ತಂಡ ಸೇರಿದರೆ ಸಿಗಲಿದ್ದ ಹಣವನ್ನು ಬಿಟ್ಟು ಅವರು ಆಬರ್ನ್ ವಿಶ್ವವಿದ್ಯಾಲಯಕ್ಕೆ ಸೇರಿದರು, ಏಕೆಂದರೆ ಕಾಲೇಜು ಓದುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದರು. ಅಲ್ಲಿ ಬೇಸ್‌ಬಾಲ್ ಆಡಿದರು, ಓಟದ ಸ್ಪರ್ಧೆಗಳಿಗೆ ಇಳಿದರು, ಜೊತೆಗೆ ಮೊಟ್ಟೆಯಾಕಾರದ ಚೆಂಡನ್ನು ಕಂಕುಳಿಗೆ ಅವುಚಿಕೊಂಡು ಓಡುವ, ಎದುರಾಳಿಗಳು ಮೈಮೇಲೆ ಎರಗಿ ಕೆಡವುವ ಅಮೆರಿಕದ ಫುಟ್‌ಬಾಲನ್ನೂ ಆಡಿದರು. 1985 ಒಂದೇ ವರ್ಷದ ಲೆಕ್ಕ ನೋಡಿ: ವಸಂತದ ಬೇಸ್‌ಬಾಲ್ ಋತುವಿನಲ್ಲಿ 17 ಹೋಮ್‌ರನ್ (ನಮ್ಮ ಕ್ರಿಕೆಟಿನ ಸಿಕ್ಸರಿನಂಥ ಹೊಡೆತ) ಮತ್ತು .401ರ ಸರಾಸರಿ, ಅದೇ ವರ್ಷದ ಫುಟ್‌ಬಾಲ್ ಋತುವಿನಲ್ಲಿ ಚೆಂಡು ಹಿಡಿದು ಓಡಿದ್ದು 1,786 ಗಜ, ಅದರ ಫಲವಾಗಿ ಕಾಲೇಜು ಫುಟ್‌ಬಾಲಿನ ಅತ್ಯುನ್ನತ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ. ಬೇಸ್‌ಬಾಲಿನಲ್ಲಿ ಹತ್ತಕ್ಕೆ ಮೂರು ಸಲ ಹಿಟ್ ಮಾಡುವವನನ್ನೇ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ಇವರದು ಹತ್ತಕ್ಕೆ ನಾಲ್ಕು.

ಮುಂದಿನ ವರ್ಷ ನಡೆದದ್ದನ್ನು ನಮ್ಮ ತರಬೇತುದಾರರೆಲ್ಲ ಗಮನವಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ. 1986ರಲ್ಲಿ ಟಾಂಪಾ ಬೇ ಬಕನಿಯರ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡ ಮಾತುಕತೆಗೆಂದು ಜಾಕ್ಸನ್ ಅವರನ್ನು ತನ್ನ ಮಾಲೀಕರ ವಿಮಾನದಲ್ಲಿ ಕರೆಸಿಕೊಂಡಿತು. ಆ ಪ್ರಯಾಣವೇ ನಿಯಮಬಾಹಿರವೆಂದಾಗಿ, ಅವರ ಕೊನೆಯ ವರ್ಷದ ಕಾಲೇಜು ಬೇಸ್‌ಬಾಲ್ ಅರ್ಧದಲ್ಲೇ ನಿಂತುಹೋಯಿತು. ಅನುಮತಿ ಇದೆಯೆಂದು ನಂಬಿಸಿ ಕರೆದೊಯ್ದರು, ಬೇಸ್‌ಬಾಲ್ ಬಿಡಿಸಲೆಂದೇ ಹೀಗೆ ಮಾಡಿದರು ಎಂಬುದು ಜಾಕ್ಸನ್ ಅವರ ದೂರು. ಅದೇ ತಂಡ ಆ ವರ್ಷದ ಫುಟ್‌ಬಾಲ್ ಆಯ್ಕೆಯಲ್ಲಿ ಅವರನ್ನು ಇಡೀ ದೇಶದ ಮೊದಲ ಆಯ್ಕೆಯಾಗಿ ಆರಿಸಿದಾಗ, ಕೋಟಿಗಟ್ಟಲೆ ರೂಪಾಯಿಗೆ ಸಮನಾದ ಕರಾರನ್ನು ತಿರಸ್ಕರಿಸಿ, ಅದಕ್ಕಿಂತ ಎಷ್ಟೋ ಕಡಿಮೆ ಹಣಕ್ಕೆ ಕಾನ್ಸಸ್ ಸಿಟಿ ರಾಯಲ್ಸ್ ಬೇಸ್‌ಬಾಲ್ ತಂಡವನ್ನು ಸೇರಿದರು. ಒಂದು ಆಟದವರು ಇನ್ನೊಂದನ್ನು ಬಿಡಿಸಹೊರಟರೆ ಆಟಗಾರನೇ ಕೈತಪ್ಪಿ ಹೋಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. 1987ರಲ್ಲಿ ಲಾಸ್ ಏಂಜಲೀಸ್ ರೈಡರ್ಸ್ ತಂಡ, ಬೇಸ್‌ಬಾಲ್ ಋತು ಮುಗಿಸಿಕೊಂಡೇ ಬನ್ನಿ ಎಂದು ಒಪ್ಪಿತು; ಆಗ ಅವರು ಫುಟ್‌ಬಾಲಿಗೂ ಬಂದರು. ಆ ವರ್ಷದ ನವೆಂಬರ್ 30ರಂದು, ತಮ್ಮ ಇಪ್ಪತ್ತೈದನೆಯ ಹುಟ್ಟುಹಬ್ಬದ ದಿನ, ಸಿಯಾಟಲ್ ವಿರುದ್ಧ 221 ಗಜ ಓಡಿದರು. ಅದರಲ್ಲಿ 91 ಗಜದ್ದು ಒಂದೇ ಓಟ. 1989ರಲ್ಲಿ ಬೇಸ್‌ಬಾಲ್ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರರಾದರು, 1990ರ ಋತುವಿನ ಆಟಕ್ಕಾಗಿ ಫುಟ್‌ಬಾಲಿನ ತಾರಾ ಪಂದ್ಯಕ್ಕೂ ಆಯ್ಕೆಯಾದರು.

1991ರ ಜನವರಿ 13ರಂದು ಸಿನ್ಸಿನಾಟಿ ವಿರುದ್ಧದ ಪಂದ್ಯದಲ್ಲಿ ಹಿಂದಿನಿಂದ ಹಿಡಿದು ಕೆಡವಿದಾಗ ಅವರ ಸೊಂಟದ ಕೀಲು ಜಾರಿತು. ಮೂಳೆಗೆ ರಕ್ತ ಹರಿಯುವುದು ನಿಂತು ಕೀಲು ಹಾಳಾಯಿತು, ಫುಟ್‌ಬಾಲ್ ಅಲ್ಲಿಗೇ ಮುಗಿಯಿತು. "ನೋಡಿ, ಎರಡನ್ನೂ ಆಡಿದ್ದಕ್ಕೇ ಹೀಗಾಯಿತು" ಎನ್ನುವವರು ಬೆರಳು ತೋರಿಸುವುದು ಇಲ್ಲಿಗೇ. ಫುಟ್‌ಬಾಲ್ ಆಡದಿದ್ದರೆ ಅವರ ಬೇಸ್‌ಬಾಲ್ ಜೀವನ ಇನ್ನೂ ದೀರ್ಘವಾಗುತ್ತಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಪೆಟ್ಟು ದಣಿದ ದೇಹಕ್ಕೆ ಬಿದ್ದದ್ದಲ್ಲ. ಫುಟ್‌ಬಾಲ್ ಒಂದನ್ನೇ ಆಡುವವರಿಗೂ ಬೀಳುವ ಪೆಟ್ಟು ಅದು. ಅದರ ಅಪಾಯವನ್ನು ತೂಗಿ ನೋಡಿ ಇಳಿದವರು ವಯಸ್ಕರಾದ ಜಾಕ್ಸನ್ ಅವರೇ, ಬೇರೆ ಯಾರೋ ಅವರ ಪರವಾಗಿ ನಿರ್ಧರಿಸಿದ್ದಲ್ಲ. ಕೃತಕ ಸೊಂಟದ ಕೀಲು ಹಾಕಿಸಿಕೊಂಡು 1993ರಲ್ಲಿ ಮತ್ತೆ ಬೇಸ್‌ಬಾಲ್ ಮೈದಾನಕ್ಕೆ ಬಂದು, ಮೊದಲ ಸಲ ಬ್ಯಾಟ್ ಹಿಡಿದಾಗಲೇ ಹೋಮ್‌ರನ್ ಹೊಡೆದವರೂ ಅವರೇ. 1994ರಲ್ಲಿ ನಿವೃತ್ತರಾಗಿ, ಆಬರ್ನ್‌ಗೆ ಮರಳಿ 1995ರಲ್ಲಿ ಪದವಿ ಮುಗಿಸಿದರು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು; ಕೊಟ್ಟ ಮಾತನ್ನು ಮಗ ಉಳಿಸಿಕೊಂಡರು.

ಇಷ್ಟೆಲ್ಲ ಸಾಧ್ಯವಾದದ್ದು ಅವರ ಅಸಾಧಾರಣ ದೇಹದಿಂದ ಮಾತ್ರವಲ್ಲ. ಅಲ್ಲಿ ಕಾಲೇಜು ಬೇಸ್‌ಬಾಲ್ ವಸಂತದಲ್ಲಿ, ಫುಟ್‌ಬಾಲ್ ಮಳೆಗಾಲ ಕಳೆದ ಮೇಲೆ ನಮಗೆ ದಸರಾ ಬರುವ ಹೊತ್ತಿನಲ್ಲಿ. ಒಂದರ ಕಾಲು ಇನ್ನೊಂದು ತುಳಿಯುವುದಿಲ್ಲ. ನಮ್ಮಲ್ಲಿ ಹಾಗಿಲ್ಲದ ಕಾರಣಕ್ಕೆ ಆದ ನಷ್ಟ ಹಳೆಯದು. ಮದ್ರಾಸಿನ ಎಂ.ಜೆ. ಗೋಪಾಲನ್ ಕ್ರಿಕೆಟ್, ಹಾಕಿ ಎರಡರಲ್ಲೂ ಭಾರತಕ್ಕೆ ಆಡಿದವರು. 1936ರಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಪ್ರವಾಸವೂ ಬರ್ಲಿನ್ ಒಲಿಂಪಿಕ್ಸ್ ಕೂಡ ಒಂದೇ ಬೇಸಿಗೆಯಲ್ಲಿ ಬಂದವು. ಅವರು ಕ್ರಿಕೆಟ್ ತಂಡದೊಂದಿಗೆ ಹೋದರು; ಆ ಪ್ರವಾಸದಲ್ಲಿ ಒಂದೂ ಟೆಸ್ಟ್ ಸಿಗಲಿಲ್ಲ, ಅತ್ತ ಹಾಕಿ ತಂಡ ಚಿನ್ನ ಗೆದ್ದಿತು.

ನಮ್ಮೂರಿನ ಮಾತಿಗೆ ಬರುತ್ತೇನೆ. ನಾನು ಪಾಠ ಮಾಡುವ ಕಾಲೇಜಿನಲ್ಲಿ ಶಿರಾ ಕಡೆಯ ಒಬ್ಬ ಹುಡುಗಿ ಬಿ.ಕಾಂ. ಓದುತ್ತಿದ್ದಳು, ಖೋ-ಖೋ ಮತ್ತು ಉದ್ದಜಿಗಿತ ಎರಡರಲ್ಲೂ ಅವಳನ್ನು ಮೀರಿಸುವವರು ಸುತ್ತಮುತ್ತಲ ಕಾಲೇಜುಗಳಲ್ಲಿ ಇರಲಿಲ್ಲ. ಖೋ-ಖೋದಲ್ಲಿ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತವಳಿಗೆ ಬೆನ್ನಿಗೆ ಖೋ ಬಿದ್ದ ಕೂಡಲೇ ಒಂದೇ ನೆಗೆತಕ್ಕೆ ಎದ್ದು ಓಡುತ್ತಿದ್ದಳು. ಕಂಬದ ಹತ್ತಿರ ಎದುರಾಳಿ ತಪ್ಪಿಸಿಕೊಳ್ಳುವ ಕ್ಷಣದಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ಗಾಳಿಗೆ ಎಸೆದು, ಬೆರಳ ತುದಿಯಿಂದ ಔಟ್ ಮಾಡುತ್ತಿದ್ದಳು. ಮೊಣಕೈ, ಮೊಣಕಾಲುಗಳ ಮೇಲೆ ತರಚಿದ ಗಾಯ ಮಾಗುವ ಮುಂಚೆಯೇ ಹೊಸದು ಆಗಿರುತ್ತಿತ್ತು. ಅದೇ ಕಾಲಿನ ಸಿಡಿತವೇ ಉದ್ದಜಿಗಿತದ ಹಲಗೆಯ ಮೇಲೂ ಅವಳಿಗೆ ಒದಗುತ್ತಿತ್ತು ಎಂಬುದು, ಎರಡನ್ನೂ ಪಕ್ಕದಲ್ಲಿ ನಿಂತು ನೋಡಿದ ಯಾರಿಗಾದರೂ ತಿಳಿಯುವ ಮಾತು.

ಅವಳಿಗೆ ತರಬೇತಿ ಕೊಡುತ್ತಿದ್ದ ಇಬ್ಬರೂ ಒಬ್ಬರೊಡನೊಬ್ಬರು ಕೂತು ಮಾತನಾಡಲಿಲ್ಲ. ಬೆಳಿಗ್ಗೆ ಜಿಗಿತ, ಸಂಜೆ ಖೋ-ಖೋ. ಇಬ್ಬರೂ ಪೂರ್ತಿ ಅಭ್ಯಾಸ ಮಾಡಿಸುತ್ತಿದ್ದರು, ಇಬ್ಬರೂ ಇನ್ನೊಬ್ಬರನ್ನು ದೂರುತ್ತಿದ್ದರು. ಒಂದು ಸೆಮಿಸ್ಟರ್‌ನಲ್ಲಿ ಅಥ್ಲೆಟಿಕ್ಸ್ ಕೂಟ ಮತ್ತು ಖೋ-ಖೋ ಪಂದ್ಯಾವಳಿ ಒಂದೇ ವಾರಕ್ಕೆ ಬಂದವು. ಅವಳ ತಂದೆ ಕಾಲೇಜಿಗೆ ಬಂದು, "ಸಾರ್, ಹಾಜರಾತಿ ಬೇರೆ ಕಮ್ಮಿ ಆಗೈತೆ ಅಂತಾರೆ. ಯಾವ್ದಾದ್ರೂ ಒಂದ್ ಬಿಡ್ಸಿಬಿಡಿ, ನೀವ್ ಹೇಳಿದ್ರೆ ಕೇಳ್ತಾಳೆ" ಎಂದರು. ನಾನು ಬಿಡಿಸಲು ಒಪ್ಪಲಿಲ್ಲ. ಆದರೂ ಅವಳು ಉದ್ದಜಿಗಿತ ಬಿಟ್ಟಳು, ಮುಂದಿನ ವರ್ಷ ಖೋ-ಖೋವನ್ನೂ ಬಿಟ್ಟಳು. ಬಲವಂತದಿಂದ ಒಂದನ್ನು ಬಿಟ್ಟವರಿಗೆ ಉಳಿದದ್ದರ ಮೇಲೂ ಮನಸ್ಸು ನಿಲ್ಲುವುದಿಲ್ಲ ಎಂಬುದನ್ನು ಇಷ್ಟು ವರ್ಷಗಳಲ್ಲಿ ಅವಳೊಬ್ಬಳಲ್ಲೇ ಕಂಡಿಲ್ಲ.

ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದ ಕೆಲಸಕ್ಕೆ ಒಂದು ಆಟದ ಗಟ್ಟಿ ಸರ್ಟಿಫಿಕೇಟ್ ಸಾಕು, ಎರಡು ಅರೆಬರೆ ಸರ್ಟಿಫಿಕೇಟ್‌ಗಳಿಂದ ಏನೂ ಆಗದು ಎಂಬ ವಾದದಲ್ಲಿ ತೂಕವಿದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಆಟವೆಂದರೆ ಒಂದು ಸರ್ಕಾರಿ ನೌಕರಿಯ ಆಸೆಯೂ ಹೌದು, ಅದನ್ನು ಹಗುರವಾಗಿ ಕಾಣುವ ಹಕ್ಕು ಸಂಬಳ ಎಣಿಸುವ ನನ್ನಂಥವರಿಗಿಲ್ಲ. ಆದರೆ ಯಾವುದು ಗಟ್ಟಿಯಾಗುತ್ತದೆ ಎಂಬುದು ಮೊದಲ ವರ್ಷದಲ್ಲೇ ಯಾರಿಗೂ ಗೊತ್ತಿರುವುದಿಲ್ಲ. ಅಂತಿಮ ವರ್ಷದಲ್ಲಿ, ಎರಡರಲ್ಲೂ ಅಂತರ ವಿಶ್ವವಿದ್ಯಾಲಯ ಮಟ್ಟವನ್ನು ಒಮ್ಮೆ ನೋಡಿಬಂದ ಮೇಲೆ, ಆ ಹುಡುಗ ಅಥವಾ ಹುಡುಗಿ ತಾನೇ ಆರಿಸಿಕೊಳ್ಳಲಿ.

ಅಲ್ಲಿಯವರೆಗೆ ಆಗಬೇಕಾದ ಕೆಲಸಕ್ಕೆ ಹಣ ಬೇಕಿಲ್ಲ. ವರ್ಷದ ಆರಂಭದಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರೆಲ್ಲ ಸೇರಿ ಅಂತರ ಕಾಲೇಜು ವೇಳಾಪಟ್ಟಿ ಮಾಡುವಾಗ, ಎರಡು ಆಟಗಳಿಗೆ ಹೆಸರು ಕೊಟ್ಟ ವಿದ್ಯಾರ್ಥಿಗಳ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟುಕೊಳ್ಳಲಿ. ಆ ಆಟಗಳ ದಿನಾಂಕಗಳ ನಡುವೆ ಎರಡು ವಾರವಾದರೂ ಅಂತರವಿರಲಿ. ಒಂದೇ ದಿನ ಎರಡೂ ಕಡೆ ಪೂರ್ತಿ ಅಭ್ಯಾಸ ಬೇಡ ಎಂದು ಇಬ್ಬರೂ ತರಬೇತುದಾರರು ಬರೆದು ಸಹಿ ಹಾಕಲಿ. ಪಂದ್ಯಕ್ಕೆ ಹೋದ ದಿನಗಳ ಹಾಜರಾತಿಯನ್ನು ಆಯಾ ವಾರವೇ ರಿಜಿಸ್ಟರಿನಲ್ಲಿ ಸರಿಪಡಿಸುವ ಹೊಣೆಯನ್ನು ನನ್ನಂಥ ಅಧ್ಯಾಪಕರಲ್ಲಿ ಒಬ್ಬರಿಗೆ ಒಪ್ಪಿಸಲಿ. ನಮ್ಮ ಕಾಲೇಜಿನಲ್ಲಿ ಈ ವರ್ಷ ಅದನ್ನು ನಾನೇ ವಹಿಸಿಕೊಳ್ಳುತ್ತೇನೆಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ. ತಿಪಟೂರು, ಮಧುಗಿರಿ, ಪಾವಗಡ, ಕುಣಿಗಲ್ ಕಡೆಯ ಅಧ್ಯಾಪಕ ಮಿತ್ರರು ಇದನ್ನು ಓದುತ್ತಿದ್ದರೆ, ತಮ್ಮ ಕಾಲೇಜಿನಲ್ಲಿ ಎರಡು ಆಟ ಆಡುವ ಮಕ್ಕಳು ಯಾರಿದ್ದಾರೆ, ಯಾವ ಯಾವ ಆಟ ಎಂಬುದನ್ನು ವೇಳಾಪಟ್ಟಿಯ ಸಭೆಗೆ ಮೊದಲೇ ತಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ಗಮನಕ್ಕೆ ತರಬೇಕೆಂದು ವಿನಂತಿಸುತ್ತೇನೆ.