ಹಾಜಬ್ಬರ ಕಥೆಯಲ್ಲಿ ನಾವು ಹಾರಿಸಿಬಿಡುವ ಇಪ್ಪತ್ತು ವರ್ಷ

ಹರೇಕಳ ಹಾಜಬ್ಬರ ಕಥೆ ನಿಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರುತ್ತಿದ್ದವರು. ಯಾರೋ ವಿದೇಶಿಯರು ಇಂಗ್ಲಿಷಿನಲ್ಲಿ ರೇಟು ಕೇಳಿದರು. ಇವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆಡುತ್ತಿದ್ದದ್ದು ಬ್ಯಾರಿ ಮತ್ತು ತುಳು. ಏನು ಕೇಳುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಅವರು ಹೊರಟುಹೋದರು, ಇವರಿಗೆ ನಾಚಿಕೆಯಾಯಿತು, ಊರಿನಲ್ಲಿ ಶಾಲೆ ಕಟ್ಟಿಸಿದರು, ಪದ್ಮಶ್ರೀ ಬಂತು. ವಾಟ್ಸಾಪ್‌ನಲ್ಲಿ ಓಡಾಡುವ ಕಥೆ ಇಷ್ಟೇ. ಎರಡು ನಿಮಿಷದ ವಿಡಿಯೋ, ಹಿಂದೆ ಪಿಟೀಲು.

ಆದರೆ ಕಿತ್ತಳೆಯ ಘಟನೆ ನಡೆದದ್ದು 1970ರ ದಶಕದ ಕೊನೆಯಲ್ಲಿ. ಶಾಲೆ ಶುರುವಾದದ್ದು 2000ದಲ್ಲಿ. ಮಧ್ಯೆ ಇಪ್ಪತ್ತಕ್ಕೂ ಹೆಚ್ಚು ವರ್ಷ! ಆ ವರ್ಷಗಳ ಬಗ್ಗೆ ಯಾವ ವಿಡಿಯೋದಲ್ಲೂ ಒಂದು ಮಾತಿಲ್ಲ. ನನಗೆ ಕುತೂಹಲ ಇರುವುದೇ ಅಲ್ಲಿ.

ನಾಚಿಕೆ ಅಷ್ಟು ವರ್ಷ ಬಾಳಿಕೆ ಬರುವ ಸರಕಲ್ಲ. ನಮಗೂ ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಅವಮಾನ ಆಗಿರುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ, ಒಂದು ವಾರಕ್ಕೆ ಮರೆತುಹೋಗುತ್ತದೆ. ಹಾಜಬ್ಬರಿಗೆ ಮರೆಯಲು ಆಗಲಿಲ್ಲ. ಯಾಕೆಂದರೆ ಅವರ ಊರು ನ್ಯೂಪಡ್ಪುವಿನಲ್ಲಿ ಶಾಲೆಯೇ ಇರಲಿಲ್ಲ. ಬುಟ್ಟಿ ತೆಗೆದುಕೊಂಡು ಹೊರಟಾಗಲೆಲ್ಲ ಕಣ್ಣೆದುರು ಅವೇ ಮಕ್ಕಳು. ಅವರು ಬೇಕಿದ್ದರೆ ನಾಲ್ಕು ಇಂಗ್ಲಿಷ್ ಪದ ಕಲಿತು ಸುಮ್ಮನಾಗಬಹುದಿತ್ತು, ವ್ಯಾಪಾರಕ್ಕೆ ಅಷ್ಟು ಸಾಕು. ಆದರೆ 'ನನಗೆ ಹೀಗಾಯಿತು' ಅನ್ನುವುದನ್ನು ಅವರು 'ಈ ಮಕ್ಕಳಿಗೆ ಹೀಗಾಗಬಾರದು' ಅಂತ ತಿರುಗಿಸಿಕೊಂಡರು. ಇಡೀ ಕಥೆ ಹೊರಳಿದ್ದು ಅಲ್ಲಿ ಅಂತ ನನ್ನ ಲೆಕ್ಕ.

ಆಮೇಲಿನದು ಕಚೇರಿ ಅಲೆದಾಟ. ಅಕ್ಷರ ಬಾರದ ಮನುಷ್ಯ ಅರ್ಜಿ ಬರೆಸಿಕೊಂಡು ಕಚೇರಿ ಮೆಟ್ಟಿಲು ಹತ್ತುವುದು ಎಂದರೇನು ಅಂತ ತಾಲ್ಲೂಕು ಕಚೇರಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗಿನ ಶಾಸಕ ಯು.ಟಿ. ಫರೀದ್ ಅವರ ನೆರವು ಸಿಕ್ಕಿ ಮಂಜೂರಾತಿ ಬಂತು. ಊರಿನ ಮಸೀದಿಯ ಮದ್ರಸದಲ್ಲಿ 28 ಮಕ್ಕಳ ಜೊತೆ ತರಗತಿ ಆರಂಭವಾಯಿತು. ಆಮೇಲೆ ಜಾಗ, ಕಟ್ಟಡ, ಪ್ರೌಢಶಾಲೆ. ಕಿತ್ತಳೆ ಮಾರಿ ಉಳಿಸಿದ ದುಡ್ಡನ್ನೂ ಹಾಕಿದರು, ಬಹುಮಾನವಾಗಿ ಬಂದ ದುಡ್ಡನ್ನೂ ಹಾಕಿದರು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅದು ಸರ್ಕಾರಿ ಶಾಲೆ. ಜನ 'ಹಾಜಬ್ಬರ ಶಾಲೆ' ಅನ್ನುತ್ತಾರೆ ನಿಜ, ಆದರೆ ಅವರು ತಮ್ಮ ಹೆಸರಿನ ಟ್ರಸ್ಟ್ ಮಾಡಿಕೊಂಡು ಅದನ್ನು ನಡೆಸುತ್ತಿಲ್ಲ. ಮೇಷ್ಟ್ರುಗಳ ಸಂಬಳ ಸರ್ಕಾರದ್ದು. ನಾಳೆ ಅವರಿಗೆ ಓಡಾಡಲು ಆಗದಿದ್ದರೂ ಬೆಳಿಗ್ಗೆ ಗಂಟೆ ಹೊಡೆಯುತ್ತದೆ. ತನ್ನ ಸ್ವಂತ ನೋವಿನಿಂದ ಶುರುವಾದ ಕೆಲಸವನ್ನು ತಾನಿಲ್ಲದೆಯೂ ನಡೆಯುವ ಹಾಗೆ ಮಾಡುವುದು ಬಹಳ ದೊಡ್ಡವರಿಗೇ ಆಗುವುದಿಲ್ಲ. (ಒಂದು ಶಾಲೆಗಾಗಿ ಹಣ್ಣು ಮಾರುವವರು ಇಷ್ಟು ಅಲೆಯಬೇಕಾಗಿ ಬಂದದ್ದಕ್ಕೆ ನಾಚಿಕೆ ಪಡಬೇಕಾದವರು ಬೇರೆಯೇ ಇದ್ದಾರೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ಇದೆಲ್ಲ ಈಗ ಯಾಕೆ ಅಂದರೆ, ಈಚೆಗೆ ನಮ್ಮ ಕಂಪನಿಯವರು ನಮ್ಮನ್ನೆಲ್ಲ ರೆಸಾರ್ಟಿಗೆ ಕರೆದುಕೊಂಡು ಹೋಗಿ 'ಮೈಂಡ್‌ಸೆಟ್' ಟ್ರೇನಿಂಗ್ ಕೊಟ್ಟರು. ಬಣ್ಣದ ಚೀಟಿಗಳಲ್ಲಿ ನಮ್ಮ 'ಜೀವನದ ಉದ್ದೇಶ' ಬರೆದು ಗೋಡೆಗೆ ಅಂಟಿಸಬೇಕಿತ್ತು. ಅದಕ್ಕೆ ಹತ್ತು ನಿಮಿಷ ಟೈಮು! ಪಕ್ಕದಲ್ಲಿದ್ದವನು ನನ್ನದನ್ನೇ ನೋಡಿ ಬರೆದ. ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಸೋಮವಾರ ಆಫೀಸು ಹೇಗಿತ್ತೋ ಹಾಗೇ ಇತ್ತು.

ಅದೇ ಆಫೀಸಿನಲ್ಲಿ ನಿಜವಾಗಿ ಒಂದು ಬದಲಾವಣೆ ತಂದವರು ಅಕೌಂಟ್ಸ್‌ನ ಒಬ್ಬ ಮೇಡಂ. ಅವರ ತಾಯಿ ಆಸ್ಪತ್ರೆಯಲ್ಲಿ ಯಾವ ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದೇನೆ ಅಂತ ತಿಳಿಯದೆ ಒತ್ತಿದ್ದರಂತೆ. ಅದು ಅವರ ಮನಸ್ಸಿನಲ್ಲಿ ಕೂತಿತ್ತು. ನಮ್ಮ ಹೌಸ್‌ಕೀಪಿಂಗ್ ಹೆಂಗಸರ ವಿಮೆ ಫಾರಂ ಬರೀ ಇಂಗ್ಲಿಷಿನಲ್ಲಿ ಇರುವುದು ಕಂಡು, ಕೂತು ಕನ್ನಡಕ್ಕೆ ಮಾಡಿದರು. ಎಚ್‌ಆರ್‌ನವರ ಹಿಂದೆ ಬಿದ್ದು, ಅದೇ ಅಧಿಕೃತ ಫಾರಂ ಆಗುವವರೆಗೆ ಬಿಡಲಿಲ್ಲ. ಅವರು ಕೆಲಸ ಬಿಟ್ಟು ಹೋದರು, ಫಾರಂ ಈಗಲೂ ಇದೆ. ರೆಸಾರ್ಟಿನ ವೇದಿಕೆ ಮೇಲೆ ಅವರ ಹೆಸರನ್ನು ಯಾರೂ ಎತ್ತಲಿಲ್ಲ.

'ಜನ ಬದಲಾಗಲು ಒಪ್ಪುವುದಿಲ್ಲ' ಅನ್ನುವ ಮ್ಯಾನೇಜರುಗಳ ಮಾತನ್ನು ನಾನು ನಂಬುವುದಿಲ್ಲ. ಪ್ರತಿಯೊಬ್ಬರಿಗೂ ಒಳಗೆ ಚುಚ್ಚುವ ಏನೋ ಒಂದು ಇರುತ್ತದೆ, ಅದನ್ನು ಕೇಳುವವರಿಲ್ಲ. ಮೇಲಿನಿಂದ ಬಂದ ಉದ್ದೇಶವನ್ನು ನಮ್ಮದು ಅಂದುಕೊಳ್ಳಿ ಎಂದರೆ ಚೀಟಿ ಅಂಟಿಸುತ್ತೇವೆ, ಅಷ್ಟೇ ಅಲ್ವಾ?

ಎಚ್‌ಆರ್‌ನವರಲ್ಲಿ ಒಂದು ಕೋರಿಕೆ. ಮುಂದಿನ ವರ್ಷ ರೆಸಾರ್ಟ್ ಬೇಡ. ನಮ್ಮನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು, ಈ ಆಫೀಸಿನಲ್ಲಿ ಏನು ಕಂಡರೆ ಹೊಟ್ಟೆ ಉರಿಯುತ್ತದೆ ಅಂತ ಕೇಳಿ. ಅದನ್ನು ಸರಿಮಾಡಲು ವಾರಕ್ಕೆ ಎರಡು ಗಂಟೆ ಬಿಟ್ಟುಕೊಡಿ, ಮೊದಲ ತಿಂಗಳೇ ರಿಪೋರ್ಟ್ ಕೇಳಬೇಡಿ. ಊಟದ ವ್ಯವಸ್ಥೆ ನಾವೇ ಮಾಡಿಕೊಳ್ಳುತ್ತೇವೆ.